ಪುಟ್ಟಿ ಬೇಕಾ, ವಿಂಡೋಸ್‌ನಲ್ಲೇ ಇರುವ ಎಸ್‌ಎಸ್‌ಎಚ್ ಸಾಕಾ? ಸರ್ವರ್‌ಗೆ ಲಾಗಿನ್ ಆಗುವವರಿಗೆ ಒಂದು ಹೋಲಿಕೆ

ಲಿನಕ್ಸ್ ಸರ್ವರ್‌ಗೆ ಮೊದಲ ಸಲ ಲಾಗಿನ್ ಆಗುವವರಿಗೆ ನಮ್ಮಲ್ಲಿ ಇವತ್ತಿಗೂ ಸಿಗುವ ಸಲಹೆ 'ಪುಟ್ಟಿ ಹಾಕ್ಕೊಳ್ಳಿ' ಅಂತಲೇ. ಪುಟ್ಟಿ ಅಂದರೆ ನಮ್ಮ ಕಂಪ್ಯೂಟರ್‌ನಿಂದ ದೂರದ ಯಂತ್ರಕ್ಕೆ ಲಾಗಿನ್ ಆಗಿ ಕಮಾಂಡ್ ಕೊಡುವ ಪ್ರೋಗ್ರಾಂ. ಆ ಮಾತುಕತೆ ಬೇರೆಯವರಿಗೆ ಕಾಣದಂತೆ ನಡೆಸುವ ವಿಧಾನದ ಹೆಸರು ಎಸ್‌ಎಸ್‌ಎಚ್. ಕಾಲೇಜಿನ ಲ್ಯಾಬ್‌ನಲ್ಲೂ ಅದೇ, ಟ್ರೈನಿಂಗ್ ಸೆಂಟರ್‌ನಲ್ಲೂ ಅದೇ, ಕೆಲಸಕ್ಕೆ ಸೇರಿದ ಮೊದಲ ವಾರವೂ ಅದೇ. ಸಲಹೆ ತಪ್ಪಲ್ಲ. ಆದರೆ ಅದು ಚಾಲ್ತಿಗೆ ಬಂದಾಗ ವಿಂಡೋಸ್ ಇಟ್ಟುಕೊಂಡವರಿಗೆ ಬೇರೆ ಸುಲಭ ದಾರಿ ಇರಲಿಲ್ಲ. ಈಗ ನಾಲ್ಕೈದು ದಾರಿಗಳಿವೆ, ಎಲ್ಲದಕ್ಕೂ ಪುಕ್ಕಟೆ ಆವೃತ್ತಿ ಇದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಹೋಗುವುದು ಬರೀ ಕ್ಲೌಡ್‌ನಲ್ಲಿರುವ ಹೊಸ ಲಿನಕ್ಸ್ ಸರ್ವರ್‌ಗಳಿಗಾದರೆ, ವಿಂಡೋಸ್ ಜೊತೆಗೇ ಬರುವ ಓಪನ್‌ಎಸ್‌ಎಸ್‌ಎಚ್ ಕಲಿಯಿರಿ. ಹಳೇ ಸ್ವಿಚ್, ರೌಟರ್, ಕನ್ಸೋಲ್ ಕೇಬಲ್‌ಗಳ (ಉಪಕರಣಕ್ಕೆ ನೇರವಾಗಿ ಚುಚ್ಚುವ ತಂತಿ) ಜೊತೆ ಕೆಲಸವಿದ್ದರೆ ಪುಟ್ಟಿಯನ್ನು ಬಿಡಬೇಡಿ. ಸರ್ವರ್‌ನಲ್ಲಿರುವ ಕಿಟಕಿಗಳುಳ್ಳ ಪ್ರೋಗ್ರಾಂ ನಿಮ್ಮ ಪರದೆಯ ಮೇಲೆ ತೆರೆಯಬೇಕಾದರೆ ಮೋಬಾಎಕ್ಸ್‌ಟರ್ಮ್ ನೋಡಿ. ಯಾವುದನ್ನು ಆರಿಸಿದರೂ ಎರಡು ವಿಷಯ ಸರಿಯಾಗಿ ಗೊತ್ತಿರಬೇಕು: ಆ ಕಡೆ ಇರುವ ಯಂತ್ರ ಎಷ್ಟು ಹಳೆಯದು, ಮತ್ತು ನಿಮ್ಮ ಕೀ ಫೈಲ್ (ಪಾಸ್‌ವರ್ಡ್ ಬದಲು ಲಾಗಿನ್‌ಗೆ ಕೊಡುವ ಫೈಲ್) ಯಾವ ರೂಪದಲ್ಲಿದೆ. ಜನ ಕೇಳುವ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಈ ಎರಡರಿಂದಲೇ ಹುಟ್ಟುತ್ತವೆ.

ಮೊದಲು ಪುಟ್ಟಿ ಯಾರದ್ದು, ಎಲ್ಲಿಂದ ಇಳಿಸಿಕೊಳ್ಳಬೇಕು

ಪುಟ್ಟಿಯನ್ನು ಬರೆದವರು ಇಂಗ್ಲೆಂಡಿನ ಕೇಂಬ್ರಿಜ್‌ನ ಸೈಮನ್ ಟಾಥಮ್. ಅದು ಸಾರ್ವಜನಿಕರ ಕೈಗೆ ಬಂದದ್ದು 1999ರಲ್ಲಿ. ಈಗ ಒಂದು ಸಣ್ಣ ತಂಡ ಅದನ್ನು ನೋಡಿಕೊಳ್ಳುತ್ತಿದೆ. ಇಷ್ಟು ವರ್ಷವಾದರೂ ಆವೃತ್ತಿಯ ಸಂಖ್ಯೆ ಇನ್ನೂ 1.0 ಮುಟ್ಟಿಲ್ಲ, ಅದನ್ನು ನೋಡಿ 'ಇನ್ನೂ ಪೂರ್ತಿಯಾಗಿಲ್ಲವೇನೋ' ಅಂದುಕೊಳ್ಳಬೇಡಿ. ಎಂಐಟಿ ಲೈಸೆನ್ಸ್ ಇರುವುದರಿಂದ ಮನೆಯಲ್ಲೂ ಬಳಸಬಹುದು, ಆಫೀಸಿನಲ್ಲೂ ಬಳಸಬಹುದು. ದುಡ್ಡು ಕೊಡಬೇಕಿಲ್ಲ, ರಿಜಿಸ್ಟರ್ ಮಾಡಿಸಬೇಕಿಲ್ಲ. ಕಂಪನಿಯ ಆಡಿಟ್‌ನವರು ಲೈಸೆನ್ಸ್ ಕೇಳಿದರೆ ಆ ಪುಟವನ್ನು ತೋರಿಸಿದರೆ ಆಯಿತು.

ಡೌನ್‌ಲೋಡ್ ವಿಷಯದಲ್ಲಿ ಮಾತ್ರ ತುಂಬಾ ಎಚ್ಚರ ಬೇಕು. ಹುಡುಕಿದಾಗ ಕಣ್ಣಿಗೆ ಬೀಳುವ 'ಪುಟ್ಟಿ ಡಾಟ್ ಆರ್ಗ್' ಅನ್ನುವ ಹೆಸರು ಪುಟ್ಟಿ ತಂಡದ್ದಲ್ಲ. ಅವರ ಹಳೆಯ ಅಸಲಿ ಮನೆ 'ಚಿಯಾರ್ಕ್ ಡಾಟ್ ಗ್ರೀನೆಂಡ್ ಡಾಟ್ ಆರ್ಗ್ ಡಾಟ್ ಯುಕೆ' ಅನ್ನುವ ವಿಳಾಸದಲ್ಲಿದೆ. ನೋಡಲು ವಿಚಿತ್ರ, ಹಾಗಾಗಿ ಹೊಸಬರು ಇದನ್ನೇ ನಕಲಿ ಅಂದುಕೊಂಡು ಬಿಟ್ಟುಬಿಡುತ್ತಾರೆ. ಅದೇ ಅಸಲಿ. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲೂ ಪುಟ್ಟಿ ತಂಡದವರೇ ಇಟ್ಟ ಪ್ರತಿ ಸಿಗುತ್ತದೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 2022ರಲ್ಲಿ ಭದ್ರತಾ ಸಂಸ್ಥೆ ಮ್ಯಾಂಡಿಯಂಟ್ ಒಂದು ಪ್ರಕರಣವನ್ನು ಬಯಲಿಗೆ ತಂದಿತು. ಅಮೆಜಾನ್‌ನಲ್ಲಿ ಕೆಲಸ ಕೊಡುತ್ತೇವೆ ಅಂತ ಇಮೇಲ್ ಕಳಿಸಿ, ಆಮೇಲೆ ವಾಟ್ಸಾಪ್‌ನಲ್ಲಿ 'ಅಸೆಸ್‌ಮೆಂಟ್' ಹೆಸರಿನ ಫೈಲ್ ಕಳಿಸುತ್ತಿದ್ದರು. ಅದರೊಳಗೆ ಇದ್ದದ್ದು ವೈರಸ್ ಸೇರಿಸಿದ ಪುಟ್ಟಿ. ಕೆಲಸ ಹುಡುಕುತ್ತಿರುವವರು ದಯವಿಟ್ಟು ನೆನಪಿಡಿ: ಸಂದರ್ಶನಕ್ಕೆ ಅಂತ ಯಾರಾದರೂ ಪುಟ್ಟಿಯ ಪ್ರತಿ ಕಳಿಸಿದರೆ ಅದನ್ನು ತೆರೆಯಬೇಡಿ. ನಿಮಗೆ ಬೇಕಾದ್ದನ್ನು ನೀವೇ ಇಳಿಸಿಕೊಳ್ಳಿ.

ಈ ಒಂದು ವಿಷಯದಲ್ಲಿ ಓಪನ್‌ಎಸ್‌ಎಸ್‌ಎಚ್ ಪಕ್ಕಾ ಗೆಲ್ಲುತ್ತದೆ. ಅದನ್ನು ಎಲ್ಲಿಂದಲೂ ಇಳಿಸಬೇಕಿಲ್ಲ. 2018ರಿಂದ ವಿಂಡೋಸ್ 10ರ ಜೊತೆಗೇ ಬರುತ್ತಿದೆ, ವಿಂಡೋಸ್ 11ರಲ್ಲೂ ಇದೆ. ಕಾಣದಿದ್ದರೆ ಸೆಟ್ಟಿಂಗ್ಸ್‌ನ 'ಆಪ್ಷನಲ್ ಫೀಚರ್ಸ್'ನಲ್ಲಿ ಓಪನ್‌ಎಸ್‌ಎಸ್‌ಎಚ್ ಕ್ಲೈಂಟ್ ಸೇರಿಸಿಕೊಳ್ಳಬಹುದು. ಪವರ್‌ಶೆಲ್ (ವಿಂಡೋಸ್‌ನ ಕಮಾಂಡ್ ಕಿಟಕಿ) ತೆರೆದು ಎಸ್‌ಎಸ್‌ಎಚ್ ಅಂತ ಟೈಪ್ ಮಾಡಿ, ಒಂದು ಜಾಗ ಬಿಟ್ಟು ಯೂಸರ್ ಹೆಸರು, ಆಟ್ ಚಿಹ್ನೆ, ಸರ್ವರ್ ವಿಳಾಸ ಕೊಟ್ಟು ಎಂಟರ್ ಒತ್ತಿದರೆ ಆಯಿತು. ಓಪನ್‌ಬಿಎಸ್‌ಡಿ ತಂಡದವರು ಇದನ್ನು ಹೊರತಂದದ್ದೂ 1999ರಲ್ಲೇ. ವಯಸ್ಸಿನಲ್ಲಿ ಎರಡೂ ಒಂದೇ ಓರಗೆಯವು.

ಕೀ ಫೈಲಿನ ಗೊಂದಲ

'ಕೀ ಕೊಟ್ಟಿದ್ದೇನೆ, ಆದರೂ ಪುಟ್ಟಿ ಒಳಗೆ ಬಿಡ್ತಿಲ್ಲ.' ಈ ದೂರು ನೂರು ಬಗೆಯಲ್ಲಿ ಬರುತ್ತದೆ. ಅದರ ಹಿಂದಿರುವ ಕಾರಣಗಳು ಮೂರ್ನಾಲ್ಕೇ.

ಮೊದಲನೆಯದು ಕೀಯ ರೂಪ. ಪುಟ್ಟಿ ಓದುವುದು ಪಿಪಿಕೆ ಫೈಲನ್ನು. ಓಪನ್‌ಎಸ್‌ಎಸ್‌ಎಚ್ ಬಳಸುವುದು ಬೇರೆ ರೂಪದ ಫೈಲನ್ನು, ಕ್ಲೌಡ್‌ನವರು ಸಾಮಾನ್ಯವಾಗಿ ಪೆಮ್ ಅಂತ ಕೊಡುತ್ತಾರಲ್ಲ, ಅದು. ಒಳಗಿರುವ ಕೀ ಒಂದೇ, ಹಿಡಿ ಮಾತ್ರ ಬೇರೆ. ಅಮೆಜಾನ್ ಕ್ಲೌಡ್‌ನಲ್ಲಿ ಕೀ ಮಾಡಿಸುವಾಗಲೇ ಪೆಮ್ ಬೇಕಾ, ಪಿಪಿಕೆ ಬೇಕಾ ಅಂತ ಕೇಳುತ್ತದೆ. ಗೊತ್ತಿಲ್ಲದಿದ್ದರೆ ಪೆಮ್ ತಗೊಳ್ಳಿ. ಅದನ್ನು ಆಮೇಲೆ ಪಿಪಿಕೆ ಮಾಡಿಕೊಳ್ಳಬಹುದು.

ಮಾಡುವುದು ಪುಟ್ಟಿಜೆನ್ ಅನ್ನುವ ಜೊತೆ ಪ್ರೋಗ್ರಾಂನಲ್ಲಿ. 'ಲೋಡ್' ಒತ್ತಿದಾಗ ಫೋಲ್ಡರ್ ಖಾಲಿ ಕಾಣುತ್ತದೆ, ಯಾಕೆಂದರೆ ಅದು ಪಿಪಿಕೆ ಫೈಲುಗಳನ್ನು ಮಾತ್ರ ತೋರಿಸುತ್ತಿರುತ್ತದೆ. ಕೆಳಗೆ 'ಆಲ್ ಫೈಲ್ಸ್' ಅಂತ ಬದಲಿಸಿದರೆ ನಿಮ್ಮ ಪೆಮ್ ಫೈಲ್ ಕಾಣುತ್ತದೆ. ಆರಿಸಿ, ಪಾಸ್‌ಫ್ರೇಸ್ (ಕೀ ಫೈಲಿಗೇ ಹಾಕುವ ಪಾಸ್‌ವರ್ಡ್) ಹಾಕಿ, 'ಸೇವ್ ಪ್ರೈವೇಟ್ ಕೀ' ಒತ್ತಿ. ಪಿಪಿಕೆ ಇಟ್ಟುಕೊಂಡವರು ಓಪನ್‌ಎಸ್‌ಎಸ್‌ಎಚ್‌ಗೆ ಬರಬೇಕಾದರೆ ಅದೇ ಪುಟ್ಟಿಜೆನ್‌ನ 'ಕನ್ವರ್ಷನ್ಸ್' ಮೆನುವಿನಲ್ಲಿ 'ಎಕ್ಸ್‌ಪೋರ್ಟ್ ಓಪನ್‌ಎಸ್‌ಎಸ್‌ಎಚ್ ಕೀ' ಇದೆ.

ಎರಡನೆಯದು ಪಬ್ಲಿಕ್ ಕೀ. ಕೀ ಅಂದರೆ ಒಂದು ಜೋಡಿ: ಪ್ರೈವೇಟ್ ಕೀ ನಮ್ಮ ಹತ್ತಿರವೇ ಉಳಿಯುತ್ತದೆ, ಪಬ್ಲಿಕ್ ಕೀ ಸರ್ವರ್‌ಗೆ ಹೋಗುತ್ತದೆ. ಪುಟ್ಟಿಜೆನ್‌ನಲ್ಲಿ 'ಸೇವ್ ಪಬ್ಲಿಕ್ ಕೀ' ಒತ್ತಿ ಬಂದ ಫೈಲನ್ನು ಹಾಗೇ ಸರ್ವರ್‌ನ ಆಥರೈಸ್ಡ್ ಕೀಸ್ ಫೈಲಿಗೆ (ಒಳಗೆ ಬಿಡಬಹುದಾದ ಕೀಗಳ ಪಟ್ಟಿ) ಅಂಟಿಸಿದರೆ ಕೆಲಸ ಆಗುವುದಿಲ್ಲ. ಅದು ಹಲವು ಸಾಲಿನ ಬೇರೆ ರೂಪ. ಸರ್ವರ್‌ಗೆ ಬೇಕಾದದ್ದು ಒಂದೇ ಉದ್ದ ಸಾಲು. ಅದು ಪುಟ್ಟಿಜೆನ್ ಕಿಟಕಿಯ ಮೇಲ್ಗಡೆ ಪೆಟ್ಟಿಗೆಯಲ್ಲೇ ಇರುತ್ತದೆ. ಪೂರ್ತಿ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ಮಧ್ಯೆ ಸಾಲು ಮುರಿಯದಂತೆ ಅಂಟಿಸಿ. 'ಸರ್ವರ್ ರಿಫ್ಯೂಸ್ಡ್ ಅವರ್ ಕೀ' ಅಂತ ಬಂದರೆ ನಾನು ಮೊದಲು ನೋಡುವುದು ಇದನ್ನೇ. ಆಮೇಲೆ ಯೂಸರ್ ಹೆಸರು. ಉಬುಂಟು ಯಂತ್ರಕ್ಕೆ 'ಉಬುಂಟು', ಅಮೆಜಾನ್ ಲಿನಕ್ಸ್‌ಗೆ 'ಇಸಿ2-ಯೂಸರ್'. ಹೆಸರು ತಪ್ಪಿದರೂ ಬೈಗುಳ ಬರುವುದು ಕೀಗೇ.

ಮೂರನೆಯದು ಹಳೇ ಪುಟ್ಟಿ. ಆಫೀಸಿನ ಹಂಚಿಕೆಯ ಡ್ರೈವ್‌ನಲ್ಲಿ ಎಷ್ಟೋ ವರ್ಷದಿಂದ ಬಿದ್ದಿರುವ ಪುಟ್ಟಿಯನ್ನೇ ಎಲ್ಲರೂ ಕಾಪಿ ಮಾಡಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಇದೆ. 2021ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 8.8, ಆರ್‌ಎಸ್‌ಎ ಅನ್ನುವ ಬಗೆಯ ಕೀಗಳ ಹಳೆಯ ಶಾ-1 ಸಹಿಯನ್ನು (ಕೀ ನಿಮ್ಮ ಹತ್ತಿರ ಇದೆ ಅಂತ ತೋರಿಸುವ ಪುರಾವೆ) ಒಪ್ಪುವುದನ್ನು ನಿಲ್ಲಿಸಿತು. ಉಬುಂಟು 22.04ರಲ್ಲಿ ಇರುವುದು ಅದಕ್ಕಿಂತ ಹೊಸದು. ಪುಟ್ಟಿಗೆ ಹೊಸ ಬಗೆಯ ಸಹಿ ಬಂದದ್ದು 0.75ರಲ್ಲಿ. ಅದಕ್ಕಿಂತ ಹಳೆಯ ಪುಟ್ಟಿ ಇಟ್ಟುಕೊಂಡು ಹೊಸ ಸರ್ವರ್‌ಗೆ ಹೋದರೆ, ಕೀ ಸರಿಯಿದ್ದರೂ ಬಾಗಿಲು ತೆರೆಯುವುದಿಲ್ಲ. ನಿನ್ನೆಯವರೆಗೆ ನಡೆಯುತ್ತಿತ್ತು, ಸರ್ವರ್ ಅಪ್‌ಗ್ರೇಡ್ ಆದಮೇಲೆ ನಿಂತಿತು ಅಂದರೆ ಇದನ್ನೇ ಅನುಮಾನಿಸಿ.

ಪುಟ್ಟಿ ಹಳೆಯದಿದ್ದರೆ ಬದಲಿಸಲೇಬೇಕಾದ ಇನ್ನೊಂದು ಕಾರಣ ಇದಕ್ಕಿಂತ ಗಂಭೀರ. 2024ರ ಏಪ್ರಿಲ್‌ನಲ್ಲಿ ಜರ್ಮನಿಯ ಬೋಕುಮ್ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಹಿಡಿದ ಒಂದು ದೋಷ ಹೊರಬಂತು. 0.68ರಿಂದ 0.80ರವರೆಗಿನ ಪುಟ್ಟಿಯಲ್ಲಿ ಪಿ-521 ಅನ್ನುವ ಬಗೆಯ ಇಸಿಡಿಎಸ್‌ಎ ಕೀ ಬಳಸಿದ್ದರೆ, ಸುಮಾರು 60 ಸಹಿಗಳು ಸಿಕ್ಕರೆ ಸಾಕು, ಪ್ರೈವೇಟ್ ಕೀಯನ್ನೇ ಲೆಕ್ಕ ಹಾಕಿ ತೆಗೆಯಬಹುದಿತ್ತು. 0.81ರಲ್ಲಿ ಸರಿಪಡಿಸಿದರು. ಆದರೆ ಪ್ರೋಗ್ರಾಂ ಹೊಸದಾದ ಮಾತ್ರಕ್ಕೆ ಹಳೇ ಕೀ ಸುರಕ್ಷಿತ ಆಗುವುದಿಲ್ಲ. ಆ ಬಗೆಯ ಕೀ ಇದ್ದರೆ ಅದನ್ನು ಎಲ್ಲಾ ಸರ್ವರ್‌ಗಳಿಂದ ತೆಗೆದು ಹೊಸದು ಮಾಡಿಕೊಳ್ಳಲೇಬೇಕು. ಬೇರೆ ಬಗೆಯ ಕೀಗಳಿಗೆ ಈ ತೊಂದರೆ ಇರಲಿಲ್ಲ. ಹೊಸದಾಗಿ ಮಾಡುವವರು ಎಡ್25519 ಅನ್ನುವ ಬಗೆಯನ್ನು ಆರಿಸಿಕೊಳ್ಳಿ, ಪುಟ್ಟಿಜೆನ್‌ನಲ್ಲೂ ಇದೆ, ಓಪನ್‌ಎಸ್‌ಎಸ್‌ಎಚ್‌ನಲ್ಲೂ ಇದೆ.

ಓಪನ್‌ಎಸ್‌ಎಸ್‌ಎಚ್‌ಗೂ ತನ್ನದೇ ಕಿರಿಕಿರಿ ಇದೆ. ಕೀ ಫೈಲನ್ನು ಡಿ ಡ್ರೈವ್‌ನಲ್ಲಿ ಎಲ್ಲೋ ಇಟ್ಟರೆ 'ಅನ್‌ಪ್ರೊಟೆಕ್ಟೆಡ್ ಪ್ರೈವೇಟ್ ಕೀ ಫೈಲ್' ಅಂತ ದೊಡ್ಡಕ್ಷರದಲ್ಲಿ ಕೂಗಿ ನಿಲ್ಲಿಸಿಬಿಡುತ್ತದೆ. ಆ ಕಂಪ್ಯೂಟರ್‌ನ ಬೇರೆ ಬಳಕೆದಾರರೂ ಫೈಲ್ ಓದಬಹುದಲ್ಲ, ಅದಕ್ಕೆ. ಸುಲಭದ ದಾರಿ ಅಂದರೆ, ನಿಮ್ಮ ಯೂಸರ್ ಫೋಲ್ಡರ್‌ನೊಳಗೆ ಚುಕ್ಕಿಯಿಂದ ಶುರುವಾಗುವ ಎಸ್‌ಎಸ್‌ಎಚ್ ಫೋಲ್ಡರ್ ಇರುತ್ತದೆ. ಕೀಯನ್ನು ಅಲ್ಲಿಗೆ ಕಾಪಿ ಮಾಡಿ. ಸಾಮಾನ್ಯವಾಗಿ ಅಷ್ಟಕ್ಕೇ ಸರಿಹೋಗುತ್ತದೆ.

ಸೆಷನ್ ಉಳಿಸುವುದು, ಪಾಸ್‌ವರ್ಡ್ ಉಳಿಸುವುದು

ಪುಟ್ಟಿಯಲ್ಲಿ ಸೆಟ್ಟಿಂಗ್ ಬದಲಿಸುತ್ತೇನೆ, ಮುಂದಿನ ಸಲ ಇರುವುದೇ ಇಲ್ಲ ಅನ್ನುವವರು ತುಂಬಾ ಜನ. ಒಂದು ಸರ್ವರ್‌ನ ವಿಳಾಸ, ಸೆಟ್ಟಿಂಗ್‌ಗಳನ್ನು ಒಂದು ಹೆಸರಿನಲ್ಲಿ ಉಳಿಸಿದ್ದೇ ಪುಟ್ಟಿಯ ಸೆಷನ್. ಕ್ರಮ ಹೀಗೆ. ಪಟ್ಟಿಯಲ್ಲಿರುವ ಹೆಸರಿನ ಮೇಲೆ ಒಂದೇ ಕ್ಲಿಕ್, 'ಲೋಡ್', ಎಡಗಡೆಯ ಮರದಲ್ಲಿ ಹೋಗಿ ಬದಲಾವಣೆ, ಮತ್ತೆ ಮೇಲೆ 'ಸೆಷನ್' ಪುಟಕ್ಕೆ ವಾಪಸ್ ಬಂದು 'ಸೇವ್'. ಕೊನೆಯ ಹೆಜ್ಜೆ ಬಿಟ್ಟರೆ ಮಾಡಿದ್ದೆಲ್ಲ ಹೋಯಿತು. ಹೊಸ ಆವೃತ್ತಿಗಳಲ್ಲಿ ಕೀ ಫೈಲ್ ಕೊಡುವ ಜಾಗವೂ ಬದಲಾಗಿದೆ. 'ಆಥ್' ಪುಟದ ಒಳಗೆ 'ಕ್ರೆಡೆನ್ಷಿಯಲ್ಸ್' ಅಂತ ಇನ್ನೊಂದು ಮೆಟ್ಟಿಲು ಇಳಿಯಬೇಕು. ಹಳೇ ವಿಡಿಯೋ ನೋಡಿ ಕಲಿಯುವವರು ಅಲ್ಲಿ ಹುಡುಕಾಡುತ್ತಾರೆ.

ಉಳಿಸಿದ ಸೆಷನ್‌ಗಳೆಲ್ಲ ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ (ಸೆಟ್ಟಿಂಗ್‌ಗಳನ್ನು ಇಡುವ ಉಗ್ರಾಣ) ಕೂರುತ್ತವೆ, ಸೈಮನ್ ಟಾಥಮ್ ಹೆಸರಿನ ಜಾಗದ ಕೆಳಗೆ. ಪುಟ್ಟಿಯ ಎಕ್ಸಿ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋದರೆ ಸೆಷನ್‌ಗಳು ಜೊತೆಗೆ ಬರುವುದಿಲ್ಲ. ಹೊಸ ಲ್ಯಾಪ್‌ಟಾಪ್‌ಗೆ ಸಾಗಿಸಬೇಕಾದರೆ ರಿಜಿಸ್ಟ್ರಿ ತೋರಿಸುವ ರೆಜ್‌ಎಡಿಟ್ ತೆರೆದು ಆ ಜಾಗವನ್ನು ಎಕ್ಸ್‌ಪೋರ್ಟ್ ಮಾಡಿ, ಹೊಸದರಲ್ಲಿ ಇಂಪೋರ್ಟ್ ಮಾಡಬೇಕು. ಹಳೇ ಲ್ಯಾಪ್‌ಟಾಪ್ ಐಟಿಯವರಿಗೆ ವಾಪಸ್ ಕೊಡುವ ಮುಂಚೆ ಮಾಡಿ.

ಓಪನ್‌ಎಸ್‌ಎಸ್‌ಎಚ್‌ನಲ್ಲಿ ಇದೆಲ್ಲ ಕಾನ್ಫಿಗ್ ಅನ್ನುವ ಒಂದು ಟೆಕ್ಸ್ಟ್ ಫೈಲ್. ಸರ್ವರ್‌ಗೆ ಒಂದು ಅಡ್ಡ ಹೆಸರು, ಕೆಳಗೆ ವಿಳಾಸ, ಯೂಸರ್, ಕೀ ಎಲ್ಲಿದೆ ಅನ್ನುವುದು. ಆಮೇಲೆ ಎಸ್‌ಎಸ್‌ಎಚ್ ಮತ್ತು ಅಡ್ಡ ಹೆಸರು ಟೈಪ್ ಮಾಡಿದರೆ ಸಾಕು. ಕಾಪಿ ಮಾಡಬಹುದು, ಜೊತೆಯವರಿಗೆ ಕಳಿಸಬಹುದು. ನೋಟ್‌ಪ್ಯಾಡ್‌ನಲ್ಲಿ ಬರೆದು ಸೇವ್ ಮಾಡಿದರೆ ಹೆಸರಿನ ಬಾಲಕ್ಕೆ ಸದ್ದಿಲ್ಲದೆ ಟಿಎಕ್ಸ್‌ಟಿ ಸೇರಿಕೊಳ್ಳುತ್ತದೆ, ಆಗ ಎಸ್‌ಎಸ್‌ಎಚ್‌ಗೆ ಫೈಲ್ ಕಾಣುವುದೇ ಇಲ್ಲ. ಫೋಲ್ಡರ್‌ನಲ್ಲಿ ಎಕ್ಸ್‌ಟೆನ್ಷನ್ ತೋರಿಸುವಂತೆ ಮಾಡಿ ಆ ಬಾಲ ತೆಗೆಯಿರಿ. ಈ ಫೈಲ್ ಇದ್ದರೆ ಇನ್ನೊಂದು ಲಾಭ: ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ನಿಂದ ನೇರವಾಗಿ ಸರ್ವರ್‌ನ ಫೈಲ್ ತೆರೆಯುವ ಸೌಲಭ್ಯ ಇದನ್ನೇ ಓದುತ್ತದೆ. ಆ ಸೌಲಭ್ಯ ಪುಟ್ಟಿಯ ಜೊತೆ ಕೆಲಸ ಮಾಡುವುದಿಲ್ಲ. ಕೋಡ್ ಬರೆಯುವವರಿಗೆ ಓಪನ್‌ಎಸ್‌ಎಸ್‌ಎಚ್ ಕಲಿಯಿರಿ ಅಂತ ನಾನು ಹೇಳುವುದಕ್ಕೆ ಇದೊಂದೇ ಕಾರಣ ಸಾಕು.

ಪಾಸ್‌ವರ್ಡ್ ಉಳಿಸುವ ವಿಷಯ ಕೇಳಿದರೆ, ಪುಟ್ಟಿಯ ಸೆಷನ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಇಟ್ಟಿಲ್ಲ. ಓಪನ್‌ಎಸ್‌ಎಸ್‌ಎಚ್‌ನದ್ದೂ ಅದೇ ಕಥೆ. ಕಿಟ್ಟಿ ಅನ್ನುವ ಪುಟ್ಟಿಯ ಕವಲು (ಪುಟ್ಟಿಯ ಕೋಡ್ ತಗೊಂಡು ಬೇರೆಯವರು ಬೆಳೆಸಿದ್ದು) ಪಾಸ್‌ವರ್ಡ್ ಇಟ್ಟುಕೊಳ್ಳುತ್ತದೆ, ಸೆಷನ್‌ಗಳನ್ನು ಫೋಲ್ಡರ್ ಮಾಡಿ ಜೋಡಿಸಿಡುತ್ತದೆ ಕೂಡ. ಆದರೂ ನಾನು ಅದನ್ನು ಸೂಚಿಸುವುದಿಲ್ಲ, ಏಕೆಂದರೆ ಮೂಲ ಪುಟ್ಟಿಯ ಭದ್ರತಾ ತಿದ್ದುಪಡಿಗಳು ಕವಲಿಗೆ ಬರುವವರೆಗೆ ನೀವು ಕಾಯಬೇಕು. ಪಾಸ್‌ವರ್ಡ್ ಪದೇಪದೇ ಹೊಡೆಯುವ ಬೇಸರಕ್ಕೆ ಸರಿಯಾದ ಮದ್ದು ಕೀ ಮತ್ತು ಏಜೆಂಟ್. ಪುಟ್ಟಿ ಜೊತೆಗೆ ಪೇಜೆಂಟ್ ಇದೆ. ಬೆಳಿಗ್ಗೆ ಒಮ್ಮೆ ಪಾಸ್‌ಫ್ರೇಸ್ ಕೊಟ್ಟರೆ ಗಡಿಯಾರದ ಪಕ್ಕ ಕೂತು ದಿನವಿಡೀ ಕೀ ಕೊಡುತ್ತದೆ. ವಿಂಡೋಸ್‌ನ ಎಸ್‌ಎಸ್‌ಎಚ್ ಏಜೆಂಟ್ ಕೂಡ ಇದೆ, ಆದರೆ ಸರ್ವೀಸಸ್ ಪಟ್ಟಿಯಲ್ಲಿ ಡಿಸೇಬಲ್ ಆಗಿರುತ್ತದೆ. ಅಡ್ಮಿನ್ ಹಕ್ಕಿಲ್ಲದ ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಎಬ್ಬಿಸುವುದು ಕಷ್ಟ. ಇಲ್ಲಿ ಪೇಜೆಂಟ್ ಮೇಲು.

ಸರ್ವರ್‌ನ ಗುರುತು ಬದಲಾಗಿದೆ ಅಂದಾಗ

ಮೊದಲ ಸಲ ಹೋದಾಗ ಪುಟ್ಟಿ, ಓಪನ್‌ಎಸ್‌ಎಸ್‌ಎಚ್ ಎರಡೂ ಆ ಸರ್ವರ್‌ನ ಬೆರಳಚ್ಚು (ಅದನ್ನು ಗುರುತಿಸುವ ಅಕ್ಷರ-ಅಂಕಿಗಳ ಸಾಲು) ತೋರಿಸಿ ನಂಬುತ್ತೀರಾ ಅಂತ ಕೇಳುತ್ತವೆ. ಆಮೇಲೆ ಆ ಗುರುತು ಬದಲಾದರೆ ನಡವಳಿಕೆ ಬೇರೆ ಬೇರೆ. ಪುಟ್ಟಿ ಎಚ್ಚರಿಕೆಯ ಪೆಟ್ಟಿಗೆ ತೋರಿಸುತ್ತದೆ, ಅದರಲ್ಲಿ 'ಅಕ್ಸೆಪ್ಟ್' ಬಟನ್ ಇರುತ್ತದೆ. ಓಪನ್‌ಎಸ್‌ಎಸ್‌ಎಚ್ ಸಂಪರ್ಕವನ್ನೇ ನಿರಾಕರಿಸುತ್ತದೆ. ಹಳೇ ಗುರುತನ್ನು ನೀವೇ ಕೈಯಾರೆ ತೆಗೆದ ಮೇಲೆಯೇ ಮುಂದಕ್ಕೆ. ಕಲಿಯುವ ಹಂತದಲ್ಲಿರುವವರಿಗೆ ಎರಡನೆಯದೇ ಒಳ್ಳೆಯದು. ಬಟನ್ ಕಂಡರೆ ಒತ್ತುವುದು ಎಲ್ಲರ ಸ್ವಭಾವ ಅಲ್ವಾ? ಸರ್ವರ್ ಮತ್ತೆ ಇನ್‌ಸ್ಟಾಲ್ ಆಗಿದ್ದರೆ ಗುರುತು ಬದಲಾಗುವುದು ಸಹಜ. ಹಾಗೆ ಆಗಿದೆಯಾ ಅಂತ ಸರ್ವರ್ ನೋಡಿಕೊಳ್ಳುವವರನ್ನು ಕೇಳಿ ಆಮೇಲೆ ಒಪ್ಪಿಕೊಳ್ಳಿ.

ಪುಟ್ಟಿಯ ಪರವಾಗಿ ಒಂದು ಮಾತು. 0.71ರಿಂದ ಪುಟ್ಟಿ ತಾನೇ ಕೇಳುವ ಪ್ರಶ್ನೆಗಳ ಎಡಕ್ಕೆ ತನ್ನ ಪುಟ್ಟ ಚಿತ್ರವನ್ನು ಇಡುತ್ತದೆ. ಕೀಯ ಪಾಸ್‌ಫ್ರೇಸ್ ಕೇಳುವ ಸಾಲಿನ ಮುಂದೆ ಆ ಚಿತ್ರ ಇಲ್ಲದಿದ್ದರೆ, ಕೇಳುತ್ತಿರುವುದು ಪುಟ್ಟಿಯಲ್ಲ, ಆ ಕಡೆಯ ಸರ್ವರ್. ಗಮನಿಸುವವರು ಕಡಿಮೆ, ಆದರೆ ಬಹಳ ಒಳ್ಳೆಯ ಯೋಚನೆ.

ಸಣ್ಣ ಪುಟ್ಟ ಪ್ರಶ್ನೆಗಳು

ಪರದೆ ಇದ್ದಕ್ಕಿದ್ದಂತೆ ಗಟ್ಟಿಯಾಗಿ ನಿಂತಿತು, ಏನು ಒತ್ತಿದರೂ ಅಲುಗಾಡುವುದಿಲ್ಲ: ಕೈತಪ್ಪಿ ಕಂಟ್ರೋಲ್ ಎಸ್ ಒತ್ತಿರುತ್ತೀರಿ. ಕಂಟ್ರೋಲ್ ಕ್ಯೂ ಒತ್ತಿ, ಬಿಡುಗಡೆ. ಇದು ಎಲ್ಲಾ ಟರ್ಮಿನಲ್‌ಗಳಲ್ಲೂ ಹೀಗೇ.

ಯಾವುದೋ ಫೈಲ್ ತೆರೆದಾಗ ಕಸದಂಥ ಅಕ್ಷರಗಳು ಬಂದು, ಕೊನೆಗೆ ಪ್ರಾಂಪ್ಟ್‌ನಲ್ಲಿ 'ಪುಟ್ಟಿಪುಟ್ಟಿಪುಟ್ಟಿ' ಅಂತ ತಾನೇ ಟೈಪ್ ಆಯಿತು: ಹ್ಯಾಕ್ ಆಗಿಲ್ಲ, ಹೆದರಬೇಡಿ. ನೀವು ತೆರೆದದ್ದು ಬೈನರಿ ಫೈಲ್. ಅದರೊಳಗಿನ ಒಂದು ಸಂಕೇತಕ್ಕೆ 'ನೀನು ಯಾವ ಟರ್ಮಿನಲ್' ಅನ್ನುವ ಅರ್ಥವಿದೆ. ಆ ಸಂಕೇತ ಬಂದಾಗಲೆಲ್ಲ ಪುಟ್ಟಿ ತನ್ನ ಹೆಸರು ಹೇಳುತ್ತದೆ.

ಕಾಪಿ ಹೇಗೆ: ಪುಟ್ಟಿಯಲ್ಲಿ ಮೌಸ್‌ನಿಂದ ಸೆಲೆಕ್ಟ್ ಮಾಡಿದರೆ ಸಾಕು, ಕಾಪಿ ಆಯಿತು. ಬಲ ಕ್ಲಿಕ್ ಮಾಡಿದರೆ ಪೇಸ್ಟ್. ಕಂಟ್ರೋಲ್ ಸಿ ಒತ್ತಿದರೆ ನಡೆಯುತ್ತಿರುವ ಕೆಲಸ ನಿಲ್ಲುತ್ತದೆ, ಹುಷಾರು. ಹಲವು ಸಾಲು ಒಟ್ಟಿಗೆ ಪೇಸ್ಟ್ ಮಾಡುವಾಗ ವಿಂಡೋಸ್ ಟರ್ಮಿನಲ್ ಒಮ್ಮೆ ಕೇಳಿ ಒಪ್ಪಿಗೆ ಪಡೆಯುತ್ತದೆ. ಪುಟ್ಟಿ ಕೇಳುವುದಿಲ್ಲ.

ಊಟಕ್ಕೆ ಎದ್ದು ಬಂದರೆ ಸಂಪರ್ಕ ಕಡಿದಿರುತ್ತದೆ: ಮಧ್ಯದ ಫೈರ್‌ವಾಲ್ ಸುಮ್ನೆ ಇರುವ ಸಂಪರ್ಕವನ್ನು ಕತ್ತರಿಸುತ್ತದೆ. ಪುಟ್ಟಿಯ 'ಕನೆಕ್ಷನ್' ಪುಟದಲ್ಲಿ ಕೀಪ್‌ಅಲೈವ್ ಸೊನ್ನೆ ಇರುತ್ತದೆ, 60 ಸೆಕೆಂಡ್ ಮಾಡಿ. ಓಪನ್‌ಎಸ್‌ಎಸ್‌ಎಚ್‌ನ ಕಾನ್ಫಿಗ್ ಫೈಲ್‌ನಲ್ಲಿ ಅದೇ ಕೆಲಸಕ್ಕೆ 'ಸರ್ವರ್‌ಅಲೈವ್‌ಇಂಟರ್ವಲ್' ಇದೆ.

'ಕನೆಕ್ಷನ್ ಟೈಮ್ಡ್ ಔಟ್' ಅಂದರೆ ನಿಮ್ಮ ಕರೆ ಅಲ್ಲಿಗೆ ಮುಟ್ಟಿಯೇ ಇಲ್ಲ. ಕ್ಲೌಡ್ ಆದರೆ ಪೋರ್ಟ್ 22 (ಎಸ್‌ಎಸ್‌ಎಚ್ ಬಳಸುವ ಬಾಗಿಲು) ತೆರೆದಿದೆಯಾ ನೋಡಿ. 'ಕನೆಕ್ಷನ್ ರಿಫ್ಯೂಸ್ಡ್' ಅಂದರೆ ಸಾಮಾನ್ಯವಾಗಿ ಯಂತ್ರ ಸಿಕ್ಕಿದೆ, ಆದರೆ ಆ ಪೋರ್ಟ್‌ನಲ್ಲಿ ಕೇಳಿಸಿಕೊಳ್ಳುವವರಿಲ್ಲ. ಪುಟ್ಟಿ ಬದಲು ಬೇರೆ ಪ್ರೋಗ್ರಾಂ ಹಾಕಿದರೆ ಇವೆರಡೂ ಸರಿಹೋಗುವುದಿಲ್ಲ.

ಪುಟ್ಟಿ ಬಿಟ್ಟರೆ ಗತಿಯಿಲ್ಲದ ಜಾಗ

ಹತ್ತು ಹದಿನೈದು ವರ್ಷದ ಸ್ವಿಚ್ ಒಂದಕ್ಕೆ ಓಪನ್‌ಎಸ್‌ಎಸ್‌ಎಚ್‌ನಿಂದ ಹೋದರೆ 'ನೋ ಮ್ಯಾಚಿಂಗ್ ಕೀ ಎಕ್ಸ್‌ಚೇಂಜ್ ಮೆಥಡ್' ಅಂತ ಹೇಳಿ ಬಾಗಿಲು ಹಾಕುತ್ತದೆ. ಹಳೇ ವಿಧಾನಗಳನ್ನು ಒಂದೊಂದಾಗಿ ಕಮಾಂಡ್‌ನಲ್ಲಿ ಸೇರಿಸಿ ಒಪ್ಪಿಸಬೇಕು, ಡಿಎಸ್‌ಎ ಅನ್ನುವ ಹಳೇ ಬಗೆಯ ಕೀ ಮಾತ್ರ ಇರುವ ಉಪಕರಣವಾದರೆ 2025ರ ಓಪನ್‌ಎಸ್‌ಎಸ್‌ಎಚ್ 10.0ರಲ್ಲಿ ಅದೂ ಆಗುವುದಿಲ್ಲ, ಡಿಎಸ್‌ಎಯನ್ನೇ ತೆಗೆದುಹಾಕಿದ್ದಾರೆ. ಪುಟ್ಟಿ 'ಇದು ದುರ್ಬಲ ವಿಧಾನ, ಮುಂದುವರಿಯಲೇ' ಅಂತ ಕೇಳಿ ಒಳಗೆ ಬಿಡುತ್ತದೆ. ಎಸ್‌ಎಸ್‌ಎಚ್‌ಗಿಂತ ಹಳೆಯ ಲಾಗಿನ್ ವಿಧಾನವಾದ ಟೆಲ್‌ನೆಟ್ ಕೂಡ ಅದರಲ್ಲೇ ಇದೆ. ಗೋದಾಮಿನಲ್ಲೋ ಕಾರ್ಖಾನೆಯಲ್ಲೋ ಇರುವ ಹಳೇ ಉಪಕರಣ ನೋಡಿಕೊಳ್ಳುವವರಿಗೆ ಇದು ದೊಡ್ಡ ಉಪಕಾರ.

ಕನ್ಸೋಲ್ ಕೇಬಲ್ ವಿಷಯಕ್ಕೆ ಬಂದರೆ ಓಪನ್‌ಎಸ್‌ಎಸ್‌ಎಚ್ ಸ್ಪರ್ಧೆಯಲ್ಲೇ ಇಲ್ಲ. ಪುಟ್ಟಿಯಲ್ಲಿ 'ಸೀರಿಯಲ್' ಆರಿಸಿ, ಡಿವೈಸ್ ಮ್ಯಾನೇಜರ್‌ನಲ್ಲಿ ಕಾಣುವ ಕಾಮ್ ಸಂಖ್ಯೆ ಕೊಟ್ಟು, ವೇಗ 9600 ಇಟ್ಟರೆ ಸಿಸ್ಕೋದಂಥ ಉಪಕರಣಗಳು ಮಾತಾಡುತ್ತವೆ. ಕಸದ ಅಕ್ಷರ ಬಂದರೆ ವೇಗ ತಪ್ಪಿದೆ, 115200 ಪ್ರಯತ್ನಿಸಿ. ಆದರೆ ಕೇಬಲ್ ಮೂಲಕವೇ ಫರ್ಮ್‌ವೇರ್ ಫೈಲ್ ತಳ್ಳಬೇಕಾದರೆ ಪುಟ್ಟಿಯಿಂದ ಆಗುವುದಿಲ್ಲ. ಅದಕ್ಕೆ ಟೆರಾ ಟರ್ಮ್ ಬೇಕು. ಜಪಾನಿನಲ್ಲಿ ಹುಟ್ಟಿದ ಈ ಪುಕ್ಕಟೆ ಪ್ರೋಗ್ರಾಂನಲ್ಲಿ ಕೇಬಲ್ ಮೂಲಕ ಫೈಲ್ ಕಳಿಸುವ ಎಕ್ಸ್‌ಮೋಡೆಮ್ ವಿಧಾನ ಇದೆ, ಒಂದೇ ಕೆಲಸವನ್ನು ಇಪ್ಪತ್ತು ಉಪಕರಣಗಳಲ್ಲಿ ಮಾಡಬೇಕಾದರೆ ಬರೆದಿಡುವ ಮ್ಯಾಕ್ರೋ ಕೂಡ ಇದೆ.

ಫೈಲ್ ಸಾಗಿಸಲು, ಕಿಟಕಿ ತೆರೆಯಲು

ಫೈಲ್ ಕಳಿಸಲು ಪುಟ್ಟಿ ಕಿಟಕಿಯಲ್ಲಿ ಹುಡುಕಬೇಡಿ, ಅಲ್ಲಿಲ್ಲ. ಜೊತೆಗೆ ಬರುವ ಪಿಎಸ್‌ಸಿಪಿ, ಪಿಎಸ್‌ಎಫ್‌ಟಿಪಿ ಕಮಾಂಡ್‌ಗಳಿವೆ. ಮೌಸ್‌ನಲ್ಲಿ ಎಳೆದು ಹಾಕಬೇಕೆಂದರೆ ವಿನ್‌ಎಸ್‌ಸಿಪಿ. ಪುಟ್ಟಿಯ ಕೋಡ್‌ನ ಮೇಲೆಯೇ ಕಟ್ಟಿದ್ದು, ನಿಮ್ಮ ಪುಟ್ಟಿ ಸೆಷನ್‌ಗಳನ್ನು ಅದಕ್ಕೆ ಇಂಪೋರ್ಟ್ ಮಾಡಿಕೊಳ್ಳಬಹುದು. ಮೇಲೆ ಹೇಳಿದ 2024ರ ದೋಷ ಅದಕ್ಕೂ ತಟ್ಟಿತ್ತು, ಹಾಗಾಗಿ ಪುಟ್ಟಿ ಬದಲಿಸಿದ ದಿನವೇ ಇದನ್ನೂ ಬದಲಿಸಿ.

ಫ್ರಾನ್ಸಿನ ಮೋಬಾಎಕ್ಸ್‌ಟರ್ಮ್‌ನಲ್ಲಿ ಟ್ಯಾಬ್, ಪಕ್ಕದಲ್ಲೇ ಫೈಲ್ ಪಟ್ಟಿ, ಎಕ್ಸ್ ಸರ್ವರ್ (ಲಿನಕ್ಸ್‌ನ ಕಿಟಕಿಗಳನ್ನು ನಿಮ್ಮ ಪರದೆಯಲ್ಲಿ ತೋರಿಸುವ ಭಾಗ) ಎಲ್ಲ ಒಟ್ಟಿಗಿವೆ. ಚಿಪ್ ಡಿಸೈನ್, ಸಿಮ್ಯುಲೇಷನ್ ಕೆಲಸದವರಿಗೆ ಲಿನಕ್ಸ್‌ನ ಕಿಟಕಿಗಳು ವಿಂಡೋಸ್‌ನಲ್ಲಿ ತೆರೆಯಬೇಕಾಗುತ್ತದಲ್ಲ, ಅವರಿಗೆ ಇದು ಹೇಳಿಮಾಡಿಸಿದ್ದು. ಪುಟ್ಟಿಯಲ್ಲಿ ಅದೇ ಮಾಡಲು ವಿಸಿಎಕ್ಸ್‌ಸರ್ವ್ ಥರದ ಎಕ್ಸ್ ಸರ್ವರ್ ಒಂದನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಮೋಬಾದ ಪುಕ್ಕಟೆ ಆವೃತ್ತಿಯಲ್ಲಿ 12 ಸೆಷನ್ ಮಾತ್ರ ಉಳಿಸಬಹುದು, ಟನೆಲ್ (ಎಸ್‌ಎಸ್‌ಎಚ್ ಒಳಗಿಂದ ಬೇರೆ ಸಂಪರ್ಕ ಸಾಗಿಸುವ ದಾರಿ) 2 ಮಾತ್ರ. ಪೂರ್ತಿ ಬೇಕೆಂದರೆ ದುಡ್ಡು. ಆಫೀಸಿನಲ್ಲಿ ಹಾಕುವ ಮುಂಚೆ ಲೈಸೆನ್ಸ್ ಓದಿಕೊಳ್ಳಿ.

ಮ್ಯಾಕ್, ಲಿನಕ್ಸ್ ಇರುವವರಿಗೆ ಈ ಆಯ್ಕೆಯ ತಲೆನೋವಿಲ್ಲ, ಟರ್ಮಿನಲ್‌ನಲ್ಲೇ ಎಸ್‌ಎಸ್‌ಎಚ್ ಇದೆ. ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಹಾಕಿ, ಅದರೊಳಗೆ ಓಪನ್‌ಎಸ್‌ಎಸ್‌ಎಚ್ ಹಾಕಿಕೊಂಡರೆ ಬಸ್ಸಿನಲ್ಲಿ ಕೂತೇ ಸರ್ವರ್ ನೋಡಬಹುದು.

ಕೊನೆಗೆ ನಮ್ಮವರೇ ಕೇಳುವ ಪ್ರಶ್ನೆ: ಸರ್ವರ್‌ನಲ್ಲಿರುವ ಕನ್ನಡ ಹೆಸರಿನ ಫೈಲುಗಳು ಸರಿಯಾಗಿ ಕಾಣುತ್ತವಾ? ಪೂರ್ತಿ ಸರಿಯಾಗಿ ಕಾಣುವುದಿಲ್ಲ. ಟರ್ಮಿನಲ್ ಅಂದರೆ ಸಮಾನ ಅಗಲದ ಚೌಕಗಳು. ಒತ್ತಕ್ಷರ, ಗುಣಿತ ಸೇರಿ ಒಂದಾಗುವ ನಮ್ಮ ಲಿಪಿ ಆ ಚೌಕಗಳಲ್ಲಿ ಒಡೆದು ಕೂರುತ್ತದೆ. ಪುಟ್ಟಿಯಲ್ಲಿ 'ಟ್ರಾನ್ಸ್‌ಲೇಷನ್' ಪುಟದಲ್ಲಿ ಯುಟಿಎಫ್-8 (ಕನ್ನಡವೂ ಸೇರಿದ ಅಕ್ಷರ ಸಂಕೇತ ಪದ್ಧತಿ) ಇದೆಯಾ ನೋಡಿ, ಕನ್ನಡ ಇರುವ ಫಾಂಟ್ ಆರಿಸಿ. ಅಷ್ಟು ಮಾಡಿದರೂ ಅಕ್ಷರ ಚದುರಿದಂತೆಯೇ ಕಾಣುತ್ತದೆ. ಫೈಲ್ ಮಾತ್ರ ಕೆಟ್ಟಿರುವುದಿಲ್ಲ. ಒಳಗಿನ ದತ್ತಾಂಶ ಸರಿಯಿರುತ್ತದೆ, ಕೆಟ್ಟದ್ದು ಪರದೆಯ ಮೇಲಿನ ರೂಪ ಅಷ್ಟೇ. ಹಾಗಾಗಿ ಒಡೆದು ಕಂಡ ಹೆಸರನ್ನು ತಿದ್ದಲು ಹೋಗಬೇಡಿ. ಕನ್ನಡ ಪಠ್ಯ ಓದಿ ಬದಲಿಸಬೇಕಾದರೆ ವಿನ್‌ಎಸ್‌ಸಿಪಿಯಲ್ಲಿ ಅಥವಾ ವಿಎಸ್ ಕೋಡ್‌ನಲ್ಲಿ ತೆರೆಯಿರಿ, ಅಲ್ಲಿ ಅಕ್ಷರ ಕೂಡಿಕೊಂಡು ಸರಿಯಾಗಿ ಕಾಣುತ್ತದೆ.